ಕೆಂಪು ಸ್ಟಿಕ್ಕರ್‌ವರೆಗೆ ನೀರು

ಇವತ್ತು ಬೆಳಿಗ್ಗೆ ಗಾಜಿನ ತೊಟ್ಟಿಯ ಅಂಚಿನಲ್ಲಿ ಕೂತಿದ್ದ ಬಿಳಿ ಉಪ್ಪನ್ನು ಒರೆಸುತ್ತಿದ್ದೆ. ಒದ್ದೆ ಬಟ್ಟೆಯಿಂದ ಸಮುದ್ರದ ವಾಸನೆ ಬಂತು. ನಮ್ಮ ರವೀಂದ್ರನಗರದ ಮನೆಯಲ್ಲಿ ಸಮುದ್ರದ ವಾಸನೆ... ಅಕ್ಕ ನೆನಪಾದರು. ಮಕ್ಕಳೇ, ಈ ತೊಟ್ಟಿಯಲ್ಲಿ ಮೀನು ಯಾಕಿಲ್ಲ ಎಂದು ನೀವು ಕೇಳುತ್ತಲೇ ಇರುತ್ತೀರಿ. ಬಾಯಿಬಿಟ್ಟು ಹೇಳಲು ನನಗೆ ಸಂಕೋಚ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಮೊದಲಿದ್ದ ಭದ್ರಾವತಿಯ ನ್ಯೂಟೌನಿನಲ್ಲಿ ಅಕ್ಕ ಪಕ್ಕದ ಮನೆಯವರು. ಕರಾವಳಿಯಲ್ಲಿ ಹುಟ್ಟಿದವರು, ನರ್ಸ್ ಆಗಿ ನಿವೃತ್ತರಾಗಿ ಒಬ್ಬರೇ ಇದ್ದರು. ನಿಮ್ಮ ಅಜ್ಜ ಹೋದ ಮೇಲೆ ನಾನು ಯಾರ ಮನೆಗೂ ಹೋಗುತ್ತಿರಲಿಲ್ಲ. ಒಂದು ದಿನ ಕಾಂಪೌಂಡಿನ ಆಚೆಯಿಂದ ಅವರೇ ಕೂಗಿದರು. “ಹಣೆಗಿಡೋ ಸ್ಟಿಕ್ಕರ್ ಇದ್ಯೇನೇ?”

ನಾನು ಇಡುವುದನ್ನು ಬಿಟ್ಟಿದ್ದ ಸ್ಟಿಕ್ಕರ್ ಕಾರ್ಡು ಕೊಟ್ಟೆ. ಅದರಲ್ಲಿದ್ದ ಕೆಂಪು ಸ್ಟಿಕ್ಕರ್ ಒಂದನ್ನು, ಆಗ ಅವರ ಮನೆಯಲ್ಲಿದ್ದ ಈ ತೊಟ್ಟಿಯ ಹೊರಗೆ, ನೀರಿನ ಮಟ್ಟಕ್ಕೆ ಅಂಟಿಸಿದರು.

“ಇದಕ್ಕಿಂತ ಇಳಿದ್ರೆ ಸಪ್ಪೆ ನೀರು ಹಾಕ್ಬೇಕು, ಉಪ್ಪುನೀರಲ್ಲ. ಆರಿಹೋಗೋದು ನೀರು ಮಾತ್ರ. ಉಪ್ಪು ಎಲ್ಲೂ ಹೋಗಲ್ಲ.”

ಒಳಗೆ ಉಪ್ಪುನೀರು, ಸಮುದ್ರದಿಂದ ಬಂದ ತೂತುತೂತಿನ ಕಲ್ಲುಗಳು, ನೀರು ತಿರುಗಿಸುವ ಪಂಪು. ಅಷ್ಟೇ. ಕಲ್ಲಿನ ಮೇಲೆ ಕಂದು ಪಾಚಿ ಹಬ್ಬಿತು. ಉಜ್ಜಿ ತೊಳೆಯೋಣವೆಂದರೆ ಅಕ್ಕ ಬಿಡಲಿಲ್ಲ.

“ಸುಮ್ನಿರು ಮಾರಾಯ್ತಿ. ಬಂದಿದ್ದು ತಾನೇ ಹೋಗುತ್ತೆ. ನೀರು ಹದ ಆಗ್ಲಿ. ಆಮೇಲೆ ಮೀನು, ಆಮೇಲೆ ಹವಳ.”

ಒಮ್ಮೆ ಪೂಜೆ ಮುಗಿಸಿ ಬಂದವಳು ಹಾಗೇ ಕೈ ಅದ್ದಲು ಹೋದೆ. ಗಬಕ್ಕನೆ ಮಣಿಕಟ್ಟು ಹಿಡಿದರು. “ವಿಭೂತಿ ಕೈ! ಶಿವಂಗೆ ಆಗುತ್ತೆ, ಇದಕ್ಕೆ ಆಗಲ್ಲ.”

ದೀಪ ಹಚ್ಚುವ ಹೊತ್ತಿಗೆ ಅಕ್ಕ ಗಾಜಿನ ಮೇಲೆ ಬೆರಳಿನಿಂದ ಎರಡು ಸಲ ತಟ್ಟುತ್ತಿದ್ದರು. ಕಲ್ಲುಗಳ ಒಳಗಿಂದ ಒಂದೇ ಸದ್ದು ಬರುತ್ತಿತ್ತು... ಟಕ್. ಮೊದಲ ಸಲ ಕೇಳಿದಾಗ ನಾನು ಬಗ್ಗಿ ಕಲ್ಲುಗಳ ಸಂದಿಯಲ್ಲಿ ಹುಡುಕಿದೆ.

“ಕಲ್ಲಿನ ಜೊತೆ ಬಂದಿರೋ ಯಾವ್ದೋ ಸೀಗಡಿ ಇರ್ಬೇಕು ಕಣೇ. ನಾನೂ ನೋಡಿಲ್ಲ” ಎಂದರು.

ನೀರು ಹದವಾಗುವ ಮೊದಲೇ ಅಕ್ಕ ಹಾಸಿಗೆ ಹಿಡಿದರು. ಶಿವಮೊಗ್ಗದ ಆಸ್ಪತ್ರೆಗೆ ಹೊರಟಾಗ ಮನೆಯ ಬೀಗದ ಕೈ ನನಗೆ ಕೊಟ್ಟರು. “ನಾನು ಬರೋವರೆಗೆ ಅದು ಸಾಯ್ಬಾರ್ದು.”

ದಿನವೂ ಸ್ಟಿಕ್ಕರ್‌ವರೆಗೆ ನೀರು ಹಾಕಿದೆ, ಮುಂದಿನ ಗಾಜು ಒರೆಸಿದೆ. ಸಂಜೆ ಎರಡು ಸಲ ತಟ್ಟಿದೆ. ಉತ್ತರವಿಲ್ಲ. ಆಸ್ಪತ್ರೆಗೆ ಹೋದಾಗಲೆಲ್ಲ ಅಕ್ಕ ಕೇಳುತ್ತಿದ್ದುದು ಒಂದೇ: “ಮಾತಾಡ್ತಾ?” ಇಲ್ಲವೆಂದರೆ ಮುಖ ತಿರುಗಿಸಿಕೊಳ್ಳುತ್ತಿದ್ದರು.

ಕೊನೆಗೆ ದೊಡ್ಡ ಕಲ್ಲನ್ನು ತೊಟ್ಟಿಯ ನೀರಿನ ಸಮೇತ ಮುಚ್ಚಳದ ಬಕೆಟ್ಟಿನಲ್ಲಿಟ್ಟುಕೊಂಡು ಬಸ್ಸು ಹತ್ತಿದೆ.

“ಏನಮ್ಮಾ, ಮೀನಾ?” ಎಂದ ಕಂಡಕ್ಟರ್.

“ಕಲ್ಲು.”

“ಕಲ್ಲಿಗೂ ಬಾಯಾರಿಕೆನಾ!” ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ನಾನು ನಾಚಿ ತಲೆ ಬಗ್ಗಿಸಿದೆ.

ಆಸ್ಪತ್ರೆಯಲ್ಲಿ ಅಕ್ಕ ಸೂಜಿ ಚುಚ್ಚಿದ್ದ ಕೈಯಿಂದಲೇ ಬಕೆಟ್ಟಿನ ಮೇಲೆ ಎರಡು ಸಲ ತಟ್ಟಿದರು. ತುಂಬ ಹೊತ್ತು ಏನೂ ಇಲ್ಲ. ಆಮೇಲೆ... ಟಕ್. “ಇದ್ಯಲ್ಲೇ!” ಎಂದು ನಕ್ಕರು. ಕಲ್ಲನ್ನು ಅವತ್ತೇ ತೊಟ್ಟಿಗೆ ಸೇರಿಸಿದೆ. ಮಾರನೆಯ ಬೆಳಿಗ್ಗೆ ಅಕ್ಕ ಹೋದರೆಂದು ಫೋನ್ ಬಂತು.

ಅವರ ತಂಗಿ ತೊಟ್ಟಿಯನ್ನು ನನಗೇ ಕೊಟ್ಟರು. ಇಲ್ಲಿಗೆ ತರುವಾಗ ಒಂದೊಂದು ಕಲ್ಲನ್ನೂ ತಿರುಗಿಸಿ, ಒಂದೊಂದು ತೂತಿನಲ್ಲೂ ಬ್ಯಾಟರಿ ಬಿಟ್ಟು ನೋಡಿದೆ. ಸೀಗಡಿ ಇರಲಿಲ್ಲ. ಬೇರೆ ಯಾವ ಜೀವವೂ ಕಾಣಲಿಲ್ಲ. ಆಮೇಲೆ ಸದ್ದೂ ಬರಲಿಲ್ಲ. ಆದರೂ ನೀರು ಹಾಕುವುದನ್ನು ನಾನು ಬಿಡಲಿಲ್ಲ. ಮೀನು ತರಲು ಮಾತ್ರ ಮನಸ್ಸು ಬರಲಿಲ್ಲ... ಅದು ಅಕ್ಕ ತರಬೇಕಾಗಿದ್ದ ಮೀನು.

ಇಷ್ಟು ಬರೆದು ಈಗ ದೀಪ ಹಚ್ಚಿ ಬಂದೆ. ನೀರು ಎಲ್ಲಿದೆಯೆಂದು ನೋಡಲು ಬಗ್ಗಿದೆ. ಬಣ್ಣ ಮಾಸಿದ ಸ್ಟಿಕ್ಕರ್‌ಗಿಂತ ಸ್ವಲ್ಪ ಕೆಳಗೆ. ತಟ್ಟಲು ನಾನಿನ್ನೂ ಕೈ ಎತ್ತಿರಲಿಲ್ಲ. ಒಳಗಿಂದ ಎರಡು ಸಲ ಸದ್ದು ಬಂತು, ಅಕ್ಕ ತಟ್ಟುತ್ತಿದ್ದ ಹಾಗೆಯೇ.

ಅಕ್ಕ ಇಲ್ಲ. ಅದು ನನಗೆ ಗೊತ್ತು...

ಬೆರಳು ಮಡಚಿ ಗಾಜಿನ ಮೇಲೆ ಒಂದೇ ಸಲ ತಟ್ಟಿದೆ.