ಶಾಲೆಯ ಗೇಟಿನಲ್ಲಿ ನಾನು ಬಾಯಿ ಮಾಡಿದ್ದು

ನನ್ನ ಮೊಮ್ಮಗಳನ್ನು ಮೊದಲು ಕಾಡಿದ್ದು ಅವಳ ತರಗತಿಯ ಹುಡುಗಿಯರು. ಆಮೇಲೆ ಅವಳನ್ನು ಊರಿಗೆಲ್ಲ ನಗೆಪಾಟಲು ಮಾಡಿದ್ದು ನಾನು. ಇದನ್ನು ಬೇರೆ ಯಾರ ಮೇಲೂ ಹಾಕುವಂತಿಲ್ಲ.

ನಮ್ಮೂರು ಮುಗಳಖೋಡ ಬಿಟ್ಟು ನಿಪ್ಪಾಣಿಗೆ ಬಂದು ಆಗ ಒಂದು ವರ್ಷವೂ ಆಗಿರಲಿಲ್ಲ. ಮಗ ಬಸ್ ಕಂಡಕ್ಟರ್, ಬದಲಿಯಾಗಿ ಬಂದ. ಮೊಣಕಾಲು ಕೈಕೊಟ್ಟು ಹೊಲದ ಕೂಲಿ ಆಗದೆ ನಾನೂ ಬಂದೆ. ಇಲ್ಲಿ ಗಾಳಿಯಲ್ಲೇ ತಂಬಾಕಿನ ಘಾಟು; ಮೊದಲ ವಾರ ಸೀನಿ ಸೀನಿ ಸಾಕಾಯಿತು. ಅಂಗಡಿಯಲ್ಲಿ ಮರಾಠಿ, ಹಾಲಿನವನದು ಮರಾಠಿ, ಕನ್ನಡ ಬರುವ ಪಕ್ಕದ ಮನೆಯವಳೂ ಮೊದಲು ಮರಾಠಿಯೇ. ಊರಿನ ನಮ್ಮ ಓಣಿಯಲ್ಲಿ ಹಗಲು ಬಾಗಿಲು ಹಾಕಿದ್ದರೆ ಒಳಗೆ ಯಾರಿಗೋ ಹುಷಾರಿಲ್ಲ ಅಂತ ಲೆಕ್ಕ. ಇಲ್ಲಿ ಎಲ್ಲರದೂ ಹಾಕಿಯೇ ಇರುತ್ತದೆ.

ಮೊಮ್ಮಗಳು ಅಶ್ವಿನಿ ಒಂಬತ್ತನೆಯ ತರಗತಿ. ದಿನಾ ಬೆಳಗ್ಗೆ ಹೊಟ್ಟೆನೋವು ಅನ್ನತೊಡಗಿದಳು. ಡಬ್ಬಿ ಹೋದ ಹಾಗೇ ವಾಪಸು ಬರುತ್ತಿತ್ತು. ಫೋನು ಗುಂಯ್ ಎಂದರೆ ಬೋರಲು ಹಾಕುತ್ತಿದ್ದಳು. ನಾನು ದೃಷ್ಟಿ ಎಂದೆ. ಉಪ್ಪು, ಮೆಣಸಿನಕಾಯಿ ಇಳಿಸಿ ಗ್ಯಾಸಿನ ಮೇಲೆ ಸುಟ್ಟೆ. ಘಾಟು ಬರಲಿಲ್ಲ, ದೃಷ್ಟಿ ಜೋರಾಗಿಯೇ ಇದೆ ಎಂದು ಮರುದಿನವೂ ಸುಟ್ಟೆ. ರವಿವಾರ ಮಾತ್ರ ಹೊಟ್ಟೆ ನೋಯುವುದಿಲ್ಲ ಎಂಬುದನ್ನು ಮನೆಯಲ್ಲಿ ಮೂವರು ದೊಡ್ಡವರಿದ್ದೂ ಒಬ್ಬರೂ ಗಮನಿಸಲಿಲ್ಲ.

ಒಂದು ದಿನ ತಲೆಗೆ ಎಣ್ಣೆ ಹಚ್ಚುವಾಗ ಕೈಗೆ ಅವಳ ಅಳುವಿನ ನಡುಕ ಸಿಕ್ಕಿತು.

"ಏನಾಗೇತಿ ಬೇ? ಹೇಳ್ತೀಯೋ ಇಲ್ಲೋ?"

"ಯಾರ ಮುಂದೂ ಹೇಳಬ್ಯಾಡ ಆಯಿ. ನಿನ್ನ ಕೈ ಮುಗೀತೀನಿ."

ಫೋನು ತೋರಿಸಿದಳು. ಹುಡುಗಿಯರು ಸೇರಿ ಮಾಡಿಕೊಂಡ ಗುಂಪು. ಅದರಲ್ಲಿ ಅವಳ ಫೋಟೋ, ತಲೆಗೆ ಎಮ್ಮೆಯ ಕೋಡು ಬರೆದದ್ದು. ಕೆಳಗೆ 'ಗಾಂವಠಿ'. ಹಳ್ಳಿಗಮಾರಿ ಎಂದು ಅರ್ಥ. ಅವಳ ತಪ್ಪು ಮರಾಠಿಯನ್ನು ಅಣಕಿಸಿದ ಧ್ವನಿಗಳು ಬೇರೆ. ಮೂರು ತಿಂಗಳಿಂದ ನಡೆದಿತ್ತಂತೆ.

ನಮ್ಮ ಕಡೆ ಮಕ್ಕಳ ತಂಟೆಗೆ ಬಂದರೆ ಅವರ ಬಾಗಿಲ ಮುಂದೆ ನಿಂತು ಬಾಯಿ ಮಾಡುತ್ತೇವೆ. ಓಣಿ ಕೂಡುತ್ತದೆ, ಹಿರಿಯರೊಬ್ಬರು ನಡುವೆ ಬರುತ್ತಾರೆ, ಚಹಾ ಆಗುತ್ತದೆ, ಮುಗಿಯುತ್ತದೆ. ಇಷ್ಟು ವರ್ಷ ಅದರಿಂದಲೇ ಬಗೆಹರಿದಿತ್ತು. ಅದನ್ನೇ ಇಲ್ಲಿಗೂ ತಂದೆ. ಶಾಲೆ ಬಿಡುವ ಹೊತ್ತಿಗೆ ಗೇಟಿನಲ್ಲಿ ನಿಂತೆ.

"ಯಾರಬೇ ಅಕಿ, ನನ್ನ ಮೊಮ್ಮಗಳಿಗೆ ಕೋಡು ಬರದಾಕಿ? ಮುಂದ ಬಾ! ನಿಮ್ಮವ್ವ ಇದನ್ನ ಕಲಿಸ್ಯಾಳೇನು?"

ನಡುವೆ ಬರಲು ಇಲ್ಲಿ ಹಿರಿಯರಿರಲಿಲ್ಲ. ಹುಡುಗಿಯರು ಫೋನು ಎತ್ತಿ ಹಿಡಿದರು. ಫೋಟೋ ತೆಗೆಯುತ್ತಾರೆಂದು ನಾನು ಸೆರಗು ಸರಿಮಾಡಿಕೊಂಡೆ. ಅಷ್ಟು ದಡ್ಡಿ ನಾನು.

ಸಂಜೆಗೆ ನನ್ನ ಬೈಗುಳಗಳು ಹಾಡು ಕೂಡಿಸಿಕೊಂಡು ಎಲ್ಲರ ಫೋನಿನಲ್ಲೂ ಕುಣಿಯುತ್ತಿದ್ದವು. ಪಕ್ಕದ ಮನೆಯವಳು ಬಂದು, "ಆಜೀ, ತುಮ್ಹೀ ಫೇಮಸ್ ಝಾಲಾ!" ಎಂದಳು. ಅಜ್ಜಿ, ನೀವು ಫೇಮಸ್ ಆದಿರಿ ಎಂದು. ಅವಳ ತಪ್ಪಲ್ಲ, ನಗು ಬಂದಿತ್ತು.

ಅಶ್ವಿನಿ ಗೋಡೆ ಕಡೆ ಮುಖ ಮಾಡಿ ಮಲಗಿದಳು. "ನಾ ಇನ್ನ ಸಾಲಿಗೆ ಹೋಗಂಗಿಲ್ಲ."

"ಬ್ಯಾಡ ಬಿಡು, ಮುಗಳಖೋಡಕ್ಕ ಬಿಟ್ಟು ಬರ್ತೀನಿ," ಎಂದ ಮಗ. "ಮೊದಲ ಆ ಫೋನ್ ಕಸ್ಕೋರಿ. ಎಲ್ಲಾ ಅಳಿಸಿ ಹಾಕ್ರಿ."

ಊರು ಎಂದಾಗ ನನ್ನ ಜೀವವೂ ಹೂಂ ಎಂದಿತು, ಸುಳ್ಳು ಹೇಳುವುದಿಲ್ಲ. ಮಾತಾಡಿದ್ದು ಸೊಸೆ ಸವಿತಾ.

"ಅಳಿಸಿದ್ರ ಸಾಲ್ಯಾಗ ಹೆಡ್ ಬಾಯಿಯವರಿಗೆ ಏನ್ ತೋರಿಸ್ತೀರಿ? ಫೋನ್ ಕಸ್ಕೊಂಡ್ರ ಮುಂದಿನ ಸಲ ಅಕಿ ನಮಗ ಹೇಳ್ತಾಳೇನು? ಕೋಡು ಬರದವರು ಆರಾಮ ಸಾಲಿಗೆ ಹೋಗಾಕತ್ತಾರ, ಇಕಿ ಯಾಕ ಬಿಡಬೇಕು?"

ನಾನು ಮೊಮ್ಮಗಳ ಪಕ್ಕ ಕುಳಿತು, ಮೊದಲೇ ಕೇಳಬೇಕಿದ್ದ ಮಾತನ್ನು ಕೇಳಿದೆ. "ನಾ ಏನ್ ಮಾಡ್ಲಿ ಹೇಳವಾ?"

ಗೋಡೆ ಬಿಟ್ಟು ನನ್ನ ಕಡೆ ಹೊರಳಿದಳು. "ನಾಳೆ ಹೆಡ್ ಬಾಯಿಯವರ ಹತ್ರ ನೀನೂ ಬಾ. ಆದ್ರ ಬಾಯಿ ತೆರಿಬ್ಯಾಡ."

ಈಗ ಮುಗಳಖೋಡಕ್ಕೆ ಹೋದರೆ "ಕಾಕೂ, ನಿಪ್ಪಾಣಿ ನೀರು ಕುಡದು ಮೆತ್ತಗಾದ್ರಿ" ಎನ್ನುತ್ತಾರೆ. ನಿಪ್ಪಾಣಿಯಲ್ಲಿ ನಾನು ಇನ್ನೂ ಆ ಗೇಟಿನ ಅಜ್ಜಿ. ಎರಡೂ ಕಡೆ ನಾನಲ್ಲದ ಯಾರನ್ನೋ ಮಾತಾಡಿಸುತ್ತಾರೆ. ತಿದ್ದಲು ಹೋಗುವುದಿಲ್ಲ, ಸಾಕಾಗಿದೆ.

ಅಶ್ವಿನಿ ನೀನೂ ಬಾ ಎಂದ ಮರುದಿನ ಬೆಳಗ್ಗೆ ಸವಿತಾ ಫೋನನ್ನು ಚೀಲದಲ್ಲಿ ಹಾಕಿಕೊಂಡಳು. ಮಾತು ಹೊರಬೀಳದಿರಲೆಂದು ನಾನು ಬಾಯಿ ತುಂಬ ಎಲೆ‑ಅಡಿಕೆ ಹಾಕಿಕೊಂಡೆ. ಗೇಟಿನಲ್ಲಿ ಅದೇ ಹುಡುಗಿಯರು ನಿಂತಿದ್ದರು. ಒಬ್ಬಳು ಫೋನು ಎತ್ತಿದಳು. ನಾನು ಅಶ್ವಿನಿಯ ಕೈ ಹಿಡಿದು, ಎಲೆಯ ರಸವನ್ನೂ ನುಂಗಿಕೊಂಡು, ಹೆಡ್ ಬಾಯಿಯವರ ಕೋಣೆಗೆ ನಡೆದೆ.