ಅಂಗಿ ತೊಟ್ಟ ಕ್ಯಾಮೆರಾ

ಟೈಲರನಿಗೆ ಉಗಿಬಂಡಿಯ ಹುಚ್ಚು. ಭಾನುವಾರ ಅದು ಏರು ಹತ್ತುವಾಗ ಫೋಟೊ ಹಿಡಿಯಲು ಅಂಥದೇ ಹುಚ್ಚಿನವರ ಗುಂಪು ಸೇತುವೆಯ ಬಳಿ ಸೇರುತ್ತಿತ್ತು. ಗುಂಪಿನ ಹಿರಿಯರಾದ ಮೇಷ್ಟ್ರು ಅವನ ಫೋಟೊ ನೋಡಿದಾಗೆಲ್ಲ, "ಇದು ಓಡ್ತಿದೆಯೋ, ನಿಂತಿದೆಯೋ?" ಎಂದು ಕಾಲೆಳೆಯುತ್ತಿದ್ದರು. ಬಿಸಿಲಿಗೆ ಉಗಿ ಕಾಣುತ್ತಲೇ ಇರಲಿಲ್ಲ.

ಆ ಭಾನುವಾರ ಚಳಿಗಾಳಿಯೊಂದಿಗೆ ಮಳೆ ಹೊಡೆಯಿತು. ಎಲ್ಲರೂ ಮನೆಯತ್ತ ಕಾಲ್ಕಿತ್ತರು. ಟೈಲರ್ ಮಾತ್ರ ಹಳೆಯ ಕೊಡೆಬಟ್ಟೆಯಲ್ಲಿ ತಾನೇ ಹೊಲಿದ ಅಂಗಿಯನ್ನು ಕ್ಯಾಮೆರಾಗೆ ತೊಡಿಸಿ ನಿಂತ.

"ನೀನೇ ತೊಯ್ದು ತೊಪ್ಪೆಯಾಗಿದೀಯ, ಅದಕ್ಕೆ ಅಂಗಿ ಬೇರೆ ಕೇಡು," ಎಂದು ಜೊತೆಗೆ ಬಂದಿದ್ದ ಅಕ್ಕ ಕೊಡೆಯಡಿಯಿಂದ ಗೊಣಗಿದಳು.

ಅಷ್ಟರಲ್ಲಿ ಎಂಜಿನ್ ಏದುಸಿರು ಬಿಡುತ್ತ ತಿರುವಿನಲ್ಲಿ ಕಾಣಿಸಿತು. ಬಿಸಿಲಲ್ಲಿ ಕಣ್ಣಿಗೇ ಬೀಳದ ಉಗಿ ಆ ಚಳಿಗೆ ಹಾಲಿನಂತೆ ಬೆಳ್ಳಗೆ ಉಕ್ಕಿ ಸೇತುವೆಯನ್ನೇ ನುಂಗಿತು. ಕೊಡೆ ವಾಲಿ ತಾನು ನೆನೆಯುತ್ತಿರುವುದೂ ಅಕ್ಕನಿಗೆ ತಿಳಿಯಲಿಲ್ಲ.

ಟೈಲರ್ ಹಿಡಿದ ಫೋಟೊ ಅವನ ಹೊಲಿಗೆ ಅಂಗಡಿಯ ಗೋಡೆ ಏರಿತು. ಮೇಷ್ಟ್ರು ಕನ್ನಡಕ ಒರೆಸಿ ಒರೆಸಿ ನೋಡಿದರು. ಕಾಲೆಳೆಯಲು ಏನೂ ಸಿಗದೆ ತಮ್ಮ ಕ್ಯಾಮೆರಾವನ್ನು ಮೇಜಿನ ಮೇಲಿಟ್ಟು, "ಇದಕ್ಕೂ ಒಂದು ಅಂಗಿಗೆ ಅಳತೆ ತಗೋ," ಎಂದರು. "ಬರೋ ಭಾನುವಾರ ಒಳ್ಳೆ ಬಿಸಿಲಂತೆ. ಬರ್ತೀಯ ತಾನೆ?"

ಟೈಲರ್ ಹೊಲಿಗೆಯಿಂದ ತಲೆ ಎತ್ತಲಿಲ್ಲ.

"ಅಂಥಾ ಕೆಟ್ಟ ಹವಾದಲ್ಲಿ ಯಾರು ಬರ್ತಾರೆ ಮೇಷ್ಟ್ರೇ?"