ಚೇಂಬರ್ ಮ್ಯೂಜಿಕ್ ಮೌನಪ್ಪ

ಬೆರಳ ಗೆಣ್ಣಿನಿಂದ ಎರಡು ಸಲ ಕುಟ್ಟಿ ನೋಡದೆ ಮೌನಪ್ಪ ಯಾವುದನ್ನೂ ನಂಬುತ್ತಿರಲಿಲ್ಲ. ಗೋಡೆ, ಬಾಗಿಲು, ಕಲ್ಲಂಗಡಿ, ಹೊಸದಾಗಿ ಬಂದ ಬೀರು, ಎಲ್ಲಕ್ಕೂ ಎರಡು ಪೆಟ್ಟು, ಕಿವಿ ವಾಲಿಸಿ ಒಂದು ಗಳಿಗೆ ಧ್ಯಾನ, ಆಮೇಲೆ ತೀರ್ಪು. ತೀರ್ಪಿನಲ್ಲಿ ಎರಡೇ ಬಗೆ: ‘ಗಟ್ಟಿ ಐತಿ’, ಇಲ್ಲವೇ ‘ಪೊಳ್ಳು’. ಒಮ್ಮೆ ನಮ್ಮ ಕಾಲೇಜಿಗೆ ಬಂದ ಅತಿಥಿಯೊಬ್ಬರು ಒಂದೂವರೆ ಗಂಟೆ ಭಾಷಣ ಬಿಗಿದು ಕೆಳಗಿಳಿದರು. ಮೌನಪ್ಪ ಅವರು ನಿಂತಿದ್ದ ಮರದ ಪೀಠವನ್ನು ಎತ್ತುವ ಮುನ್ನ ವಾಡಿಕೆಯಂತೆ ಕುಟ್ಟಿ, ಅವರ ಎದುರಿಗೇ “ಪೂರಾ ಪೊಳ್ಳು” ಅಂದುಬಿಟ್ಟ. ಅತಿಥಿಗಳು ತೆಲುಗರು. ತೆಲುಗಿನಲ್ಲೂ ಆ ಪದಕ್ಕೆ ಹೆಚ್ಚುಕಡಿಮೆ ಅದೇ ಅರ್ಥವಿರುವುದು ನಮ್ಮ ದುರದೃಷ್ಟ. ಅವರು ಚಹಾ ಕುಡಿಯದೆ ಹೊರಟುಹೋದರು.

ಹೆಸರೇನೋ ಮೌನಪ್ಪ, ಆದರೆ ಅವನು ಬಾಯಿ ಮುಚ್ಚಿದ್ದನ್ನು ಕಂಡವರಿರಲಿಲ್ಲ. ಊರು ಲಿಂಗಸುಗೂರಿನ ಕಡೆ. ಗೋಡೆಗೆ ಗಿಲಾವು ಮಾಡುವ, ಅಂದರೆ ಸಿಮೆಂಟು ಬಳಿದು ನುಣುಪು ಮಾಡುವ ಕೆಲಸಗಾರನಾಗಿ ಹೈದರಾಬಾದಿಗೆ ಬಂದವನು. ನಾರಾಯಣಗೂಡದ ನಮ್ಮ ಕಮ್ಯುನಿಟಿ ಕಾಲೇಜಿನ ಹೊಸ ಕಟ್ಟಡ ಎದ್ದದ್ದು ಅವನ ಗುಂಪಿನ ಕೈಯಲ್ಲಿ. ಕಟ್ಟಡ ಮುಗಿದ ಮೇಲೆ ಗುಂಪು ಪಟಾನ್‌ಚೆರುವಿನ ಫ್ಯಾಕ್ಟರಿ ಕೆಲಸಕ್ಕೆ ಹೋಯಿತು. ಇವನು ಅಟೆಂಡರ್ ಆಗಿ ಇಲ್ಲೇ ಉಳಿದ.

ನಾನು ಅಲ್ಲಿ ಸಂಜೆ ತರಗತಿಗಳಿಗೆ ಕಾಮರ್ಸ್ ಕಲಿಸುವವಳು. ನನ್ನ ಅಪ್ಪ ಬಾಲಾನಗರದ ಸರ್ಕಾರಿ ಕಾರ್ಖಾನೆಗೆಂದು ಹಾಸನದಿಂದ ಬಂದವರು. ಹೀಗಾಗಿ ನನ್ನ ಕನ್ನಡ ಮನೆಯಿಂದ ಹೊರಗೆ ಹೆಚ್ಚು ಓಡಾಡಿದ್ದಲ್ಲ. ಮೊದಲ ದಿನ ನಾನು ಎರಡು ಮಾತಾಡಿದ್ದನ್ನು ಕೇಳಿಯೇ ಮೌನಪ್ಪ, “ನಿಮ್ ಕನ್ನಡ ಇಸ್ತ್ರಿ ಮಾಡಿ ಇಟ್ಟಂಗ ಐತ್ರಿ ಮೇಡಂ. ಮುಟ್ಟಾಕ ಹೆದರಿಕಿ ಆಕ್ಕೈತಿ,” ಎಂದಿದ್ದ. ಆಮೇಲೆ ಇಡೀ ಕಾಲೇಜಿನಲ್ಲಿ ನಾವಿಬ್ಬರೇ ಕನ್ನಡದಲ್ಲಿ ಜಗಳವಾಡಿಕೊಂಡು ಸುಖವಾಗಿದ್ದೆವು.

ಆರು ವರ್ಷದ ಕೆಳಗೆ ನಮ್ಮ ಸಂಗೀತ ತರಗತಿಯ ಪಿಟೀಲು ಟೀಚರ್ ಸುಭದ್ರಮ್ಮನವರಿಗೆ ಒಂದು ಆಸೆ ಹುಟ್ಟಿತು. ಆರು ಶನಿವಾರ, ಮೈಕಿಲ್ಲದೆ, ನಲವತ್ತು ಜನರ ಮುಂದೆ, ಎರಡು ಮೂರು ವಾದ್ಯಗಳ ಕಛೇರಿ ಆಗಬೇಕು. ಪ್ರಿನ್ಸಿಪಾಲರು ಒಪ್ಪಿ ‘ಚೇಂಬರ್ ಮ್ಯೂಸಿಕ್ ಸೀಸನ್’ ಎಂದು ನೋಟೀಸು ಹಾಕಿಸಿ ನನ್ನನ್ನು ಸಂಚಾಲಕಿ ಮಾಡಿದರು. ಕಾಮರ್ಸಿಗೂ ಸಂಗೀತಕ್ಕೂ ಏನು ಸಂಬಂಧ ಎಂದು ಕೇಳಿದ್ದಕ್ಕೆ, ಎರಡರಲ್ಲೂ ಎಣಿಸುವುದಿರುತ್ತದಲ್ಲ ಎಂದರು.

ಆ ನೋಟೀಸನ್ನು ಒಬ್ಬೊಬ್ಬರು ಒಂದೊಂದು ತರ ಓದಿದರು. ಆಫೀಸಿನ ಗುಮಾಸ್ತರಿಗೆ ಚೇಂಬರ್ ಎಂದರೆ ರಸ್ತೆಯ ಮೋರಿಯ ಚೇಂಬರು. ಅದು ಮಳೆಗಾಲದಲ್ಲಿ ಉಕ್ಕುವಾಗ ಬರುವ ಸದ್ದಿನ ಬಗ್ಗೆ ಪ್ರಿನ್ಸಿಪಾಲರು ವ್ಯಂಗ್ಯವಾಡಿದ್ದಾರೆಂದು ಭಾವಿಸಿ ಅವರು ಮುನಿಸಿಪಾಲಿಟಿಗೆ ಅರ್ಜಿಯನ್ನೇ ಬರೆದರು. ಮೌನಪ್ಪನಿಗೆ ಚೇಂಬರ್ ಎಂದರೆ ಒಂದೇ, ಪ್ರಿನ್ಸಿಪಾಲರ ಚೇಂಬರು. ಮೊದಲ ಶನಿವಾರ ಬೆಳಿಗ್ಗೆ ಪ್ರಿನ್ಸಿಪಾಲರು ಬಂದು ನೋಡಿದರೆ ಅವರ ಮೇಜು ವರಾಂಡದಲ್ಲಿ, ಕಡತಗಳು ಬಾತ್‌ರೂಮಿನಲ್ಲಿ, ಒಳಗೆ ಸಾಲಾಗಿ ನಲವತ್ತು ಕುರ್ಚಿ.

“ಏಂದಯ್ಯಾ ಇದಿ?” ಇದೇನಯ್ಯಾ ಎಂದು ಅವರು ತೆಲುಗಿನಲ್ಲಿ ಕೂಗಿದ್ದು ಮೂರನೇ ಮಹಡಿಗೆ ಕೇಳಿಸಿತು.

“ನೀವs ಬರದೀರಲ್ರೀ ಸರ, ಚೇಂಬರ್‌ನ್ಯಾಗ ಮ್ಯೂಜಿಕ್ ಅಂತ,” ಎಂದ ಮೌನಪ್ಪ. ಕನ್ನಡ ಆಡಲು ಬಾರದಿದ್ದರೂ ಅವನ ಮಾತು ಅವರಿಗೆ ಅರ್ಥವಾಗುತ್ತಿತ್ತು.

ಅವನನ್ನು ಪಕ್ಕಕ್ಕೆ ಕರೆದು ನಾನು ಪಾಠ ಮಾಡಿದೆ. ಚೇಂಬರ್ ಮ್ಯೂಸಿಕ್ ಎಂದರೆ ಹಾಗಲ್ಲ ಮೌನಪ್ಪ, ಅದು ಸಭೆ ಸಮಾರಂಭದ್ದಲ್ಲ, ಒಂದು ಒಳ್ಳೆಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ನಾಲ್ಕು ಜನ ಹತ್ತಿರ ಕೂತು ಮೈಕಿಲ್ಲದೆ ಕೇಳುವ ಸಂಗೀತ, ಎಂದು ಹತ್ತು ನಿಮಿಷ ಹೇಳಿದೆ. ಅವನು ಪೂರ್ತಿ ಕೇಳಿ, “ಮತ್ತ ನಾ ಏನ್ ಮಾಡೀನ್ರಿ?” ಎಂದ. ಯೋಚಿಸಿದರೆ ಅವನು ಮಾಡಿದ್ದು ಅದನ್ನೇ.

ಆದರೆ ಪ್ರಿನ್ಸಿಪಾಲರ ಪೀಠವನ್ನು ಅಲ್ಲಾಡಿಸುವವರು ಯಾರು? ಕುರ್ಚಿಗಳು ಆಡಿಟೋರಿಯಮ್ಮಿಗೆ ಹೋದವು. ಹೊರುವಾಗ ಮೌನಪ್ಪ ದಾರಿಯುದ್ದಕ್ಕೂ, “ಆ ಹಾಲ್ ಬ್ಯಾಡ್ರಿ ಮೇಡಂ. ಒಂದ್ ಮಾತ್ ಆಡಿದ್ರ ಅದು ನಾಕ್ ಮಾತ್ ಆಡತೈತಿ. ಅತ್ತಿ ಮನಿ ಇದ್ದಂಗ ಐತಿ,” ಎನ್ನುತ್ತಿದ್ದ. ಸಂಜೆ ಅವನ ಮಾತೇ ನಿಜವಾಯಿತು. ಸುಭದ್ರಮ್ಮ ಒಂದು ಸ್ವರ ಎಳೆದರೆ ಹಿಂದಿನ ಗೋಡೆ ಅದನ್ನು ಮೂರು ಸಲ ಹಿಂದಿರುಗಿಸುತ್ತಿತ್ತು. ಮೃದಂಗವಂತೂ ಲಾರಿಯಿಂದ ಜಲ್ಲಿ ಇಳಿಸಿದಂತೆ ಕೇಳಿಸಿತು. ಅರ್ಧ ಗಂಟೆಗೆ ಆ ತಾಯಿ ಕಮಾನು ಕೆಳಗಿಟ್ಟು ಕಣ್ಣೊರೆಸಿಕೊಂಡರು. ನಲವತ್ತು ವರ್ಷ ನುಡಿಸಿದವರು ಹಾಗೆ ತಲೆ ತಗ್ಗಿಸಿ ಕೂತದ್ದು ನೋಡಿ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಸೋಮವಾರ ಪ್ರಿನ್ಸಿಪಾಲರು ನನ್ನನ್ನು ಕರೆದು ಖಡಾಖಂಡಿತವಾಗಿ ಹೇಳಿದರು. ಶನಿವಾರ ಸಂಜೆಗಳಿಗೆ ಆಡಿಟೋರಿಯಂ ಬೇಕೆಂದು ಒಂದು ಕೋಚಿಂಗ್ ಸೆಂಟರಿನವರು ಕಾಯುತ್ತಿದ್ದಾರೆ. ಇನ್ನೊಂದು ಕಛೇರಿ ಹೀಗಾದರೆ ಸೀಸನ್ನಿಗೆ ಅಲ್ಲಿಗೇ ಮಂಗಳ. ಸುಭದ್ರಮ್ಮ ಇನ್ನು ನುಡಿಸುವುದೇ ಇಲ್ಲ ಎಂದು ಕೂತಿದ್ದರು. ನಾನು ಮೆಟ್ಟಿಲ ಮೇಲೆ ಕೂತು ಮೌನಪ್ಪನೆದುರು ಎಲ್ಲ ಹೇಳಿಕೊಂಡೆ. ಅವನು, “ಟೀಚರಮ್ಮಾರ ಅಳಬಾರದಿತ್ರಿ,” ಎಂದಷ್ಟೇ ಹೇಳಿ ಎದ್ದು ಹೋದ.

ಗುರುವಾರ ಅವನು ಪ್ರಿನ್ಸಿಪಾಲರ ಚೇಂಬರಿಗೆ ನೀರು ಕೊಡಲು ಹೋದವನು ಅವರ ಕುರ್ಚಿಯ ಹಿಂದಿನ ಗೋಡೆಯನ್ನು ಕುಟ್ಟಿದನಂತೆ. ಮುಖ ಗಂಭೀರ ಮಾಡಿ ಇನ್ನೊಮ್ಮೆ ಕುಟ್ಟಿದನಂತೆ. “ಸರ, ಪೊಳ್ಳು. ಗಿಲಾವು ಬಿಟ್ಟೈತಿ. ಯಾವಾಗ ತೆಲಿ ಮ್ಯಾಲೆ ಬೀಳತೈತೋ ಗೊತ್ತಿಲ್ಲ. ಶನಿವಾರ ಮಧ್ಯಾಹ್ನ ನೀವು ಮನಿಗೆ ಹೋದ್ರ ನಾ ರಿಪೇರಿ ಮಾಡ್ತೀನಿ.” ಪ್ರಿನ್ಸಿಪಾಲರು ತಕ್ಷಣ ಕುರ್ಚಿಯನ್ನು ಎರಡು ಗಜ ಮುಂದೆ ಎಳೆದುಕೊಂಡರು.

ಹೊರಗೆ ಬಂದ ಮೌನಪ್ಪನ ಮುಖ ಬಾಡಿತ್ತು. “ಏನಾಯ್ತು?” ಅಂದೆ. “ಆ ಗ್ವಾಡಿ ಗಿಲಾವು ನಂದs ರೀ ಮೇಡಂ. ಕೈಲೆ ತೀಡಿ ತೀಡಿ ಮಾಡೀನಿ. ನನ್ ಬಾಯಿಲೆ ನಾನs ಅದಕ್ಕ ಪೊಳ್ಳು ಅಂದೆ,” ಎಂದು ನಿಟ್ಟುಸಿರಿಟ್ಟ. ಸುಳ್ಳು ಹೇಳಿದ್ದಕ್ಕಲ್ಲ, ತನ್ನ ಕೈಕೆಲಸವನ್ನೇ ಪೊಳ್ಳೆಂದದ್ದಕ್ಕೆ ಅವನಿಗೆ ಸಂಕಟ.

ಶನಿವಾರ ಐದೂವರೆಗೆ ಚೇಂಬರು ತುಂಬಿತು. ಸುಭದ್ರಮ್ಮನವರನ್ನು ನಾನು ಕೈಕಾಲು ಹಿಡಿದು ಕರೆತಂದಿದ್ದೆ. ಮೌನಪ್ಪ ಬಾಗಿಲು ಎಳೆದುಕೊಂಡು ಹೊರಗೆ ನಿಂತ. ಪಿಟೀಲು, ವೀಣೆ ಎರಡೂ ಆ ಕೋಣೆಯಲ್ಲಿ ಹೇಗೆ ಕೂಡಿಕೊಂಡವೆಂದರೆ, ಐದೇ ನಿಮಿಷಕ್ಕೆ ಜನರ ಕಣ್ಣು ಮುಚ್ಚಿದವು. ನಾನು ಉಸಿರು ಬಿಟ್ಟೆ. ಅಷ್ಟರಲ್ಲಿ ರಸ್ತೆಯ ತುದಿಯಿಂದ ಮದುವೆ ಮೆರವಣಿಗೆಯ ಮರ್ಫಾ ಶುರುವಾಯಿತು. ಹೈದರಾಬಾದಿನ ಮರ್ಫಾ ಕೇಳಿದವರಿಗೆ ಗೊತ್ತು, ಆ ನಗಾರಿಗಳ ಮುಂದೆ ಯಾವ ಗೋಡೆಯೂ ಗೋಡೆಯಲ್ಲ. ನಮ್ಮ ಸೀಸನ್ನಿನ ಕಥೆ ಮುಗಿಯಿತು ಎಂದುಕೊಂಡೆ. ಮರ್ಫಾ ಹತ್ತಿರ ಬಂತು, ಇನ್ನೂ ಹತ್ತಿರ ಬಂತು. ನಮ್ಮ ಗೇಟಿನ ಎದುರಿಗೆ ಬಂದು ಥಟ್ಟನೆ ನಿಂತೇಹೋಯಿತು.

ಆಗಿದ್ದು ಏನೆಂಬುದು ಆಮೇಲೆ ತಿಳಿಯಿತು. ಮೌನಪ್ಪ ಗೇಟಿಗೆ ಓಡಿ, ಕೈಮುಗಿದು, ಬ್ಯಾಂಡಿನ ಮುಖ್ಯಸ್ಥನಿಗೆ, “ಅಂದರ್ ಏಕ್ ಬುಜುರ್ಗ್ ಹೈ ಉಸ್ತಾದ್. ಆಖರೀ ವಕ್ತ್ ಹೈ,” ಎಂದಿದ್ದ. ಒಳಗೆ ಒಬ್ಬ ಹಿರಿಯರು ಕೊನೆಯ ಗಳಿಗೆಯಲ್ಲಿದ್ದಾರೆ ಎಂದರೆ ಯಾರ ಕೈ ನಗಾರಿಯ ಮೇಲೆ ಬಿದ್ದೀತು? ಮದುಮಗ ಕುದುರೆಯಿಂದ ಇಳಿದ. ಹೆಂಗಸರು ಸೆರಗು ಹೊದ್ದರು. ಇಡೀ ಮೆರವಣಿಗೆ ತಲೆ ಬಾಗಿಸಿ ನಿಂತಿತು.

ಮೆರವಣಿಗೆಯಲ್ಲಿ ಪ್ರಿನ್ಸಿಪಾಲರ ಪರಿಚಯದವರೊಬ್ಬರಿದ್ದರು. ಅವರು ಕೂಡಲೇ ಫೋನು ಮಾಡಿ, ನಿಮ್ಮ ಕಾಲೇಜಿನೊಳಗೆ ಯಾರೋ ಹಿರಿಯರು ಸಾಯುತ್ತಿದ್ದಾರಂತೆ ಎಂದರು. ಪ್ರಿನ್ಸಿಪಾಲರು ತಮ್ಮ ಬುದ್ಧಿ ಓಡಿಸಿದರು: ಗಿಲಾವು ಬಿದ್ದಿದೆ, ಯಾರದೋ ತಲೆ ಒಡೆದಿದೆ. ಮನೆ ಕಾಲೇಜಿನ ಹಿಂದಿನ ಬೀದಿಯಲ್ಲೇ ಇದ್ದುದರಿಂದ ಉಟ್ಟ ಲುಂಗಿಯಲ್ಲೇ ಓಡಿ ಬಂದರು. ಮೆರವಣಿಗೆಯವರು ದಾರಿ ಬಿಟ್ಟುಕೊಟ್ಟು, ಸಾಯುತ್ತಿರುವವರ ಕಡೆಯವರಿರಬೇಕೆಂದು ಒಬ್ಬಿಬ್ಬರು ಅವರ ಭುಜವನ್ನೂ ಸವರಿದರಂತೆ.

ಅವರು ಚೇಂಬರಿನ ಬಾಗಿಲು ತೆರೆದು ಒಳಗೆ ಕಾಲಿಟ್ಟರು. ಅವರು ಗೋಡೆ ನೋಡಿದರು, ಅದು ನೆಟ್ಟಗಿತ್ತು. ಜನರನ್ನು ನೋಡಿದರು, ಕಣ್ಣು ಮುಚ್ಚಿದ್ದರೂ ಉಸಿರಾಡುತ್ತಿದ್ದರು. ಖಾಲಿ ಇದ್ದದ್ದು ಹಿಂದಿನ ಮೂಲೆಗೆ ಸರಿಸಿದ್ದ ಅವರದೇ ಕುರ್ಚಿ. ಹೋಗಿ ಅದರಲ್ಲಿ ಕೂತರು. ಸುಭದ್ರಮ್ಮ ನಿಧಾನವಾಗಿ ಇಪ್ಪತ್ತು ನಿಮಿಷ ನುಡಿಸಿದರು. ಪ್ರಿನ್ಸಿಪಾಲರು ಏಳಲಿಲ್ಲ. ಕೊನೆಗೆ ಲುಂಗಿಯ ಅಂಚಿನಿಂದ ಕಣ್ಣು ಒತ್ತಿಕೊಂಡರು.

ಆಮೇಲೆ ಚಪ್ಪಾಳೆ, ನಿಲ್ಲದ ಚಪ್ಪಾಳೆ. ಗೇಟಿನಲ್ಲಿ ಬ್ಯಾಂಡಿನ ಮುಖ್ಯಸ್ಥ ಹೌಹಾರಿ ಮೌನಪ್ಪನ ಮುಖ ನೋಡಿದನಂತೆ. ಮೌನಪ್ಪ ಒಂದು ಕ್ಷಣವೂ ತಡವರಿಸದೆ ಎದೆಯ ಮೇಲೆ ಕೈಯಿಟ್ಟು, “ಗಯೇ. ಬಹುತ್ ಅಚ್ಛೇ ಗಯೇ,” ಎಂದ. ಹೋದರು, ಭಾಳ ಚೆನ್ನಾಗಿ ಹೋದರು! ಮೆರವಣಿಗೆ ಆ ಬೀದಿ ದಾಟುವವರೆಗೂ ನಗಾರಿ ಮುಟ್ಟಲಿಲ್ಲ.

ಸೋಮವಾರ ವಿಚಾರಣೆ ನಡೆಯಿತು. ಇಷ್ಟು ದೊಡ್ಡ ಸುಳ್ಳು ಏಕೆ ಹೇಳಿದೆ ಎಂದು ಪ್ರಿನ್ಸಿಪಾಲರು ಗುಡುಗಿದರು. ಮೌನಪ್ಪ ಹೇಳಿದ: “ಒಳಗ ಸಂಗೀತ ನಡದೈತಿ ಅಂದಿದ್ರ, ನಮ್ದೂ ಕೇಳ್ರಿ ಅಂತ ಇನ್ನೂ ಜೋರ್ ಬಾರಸ್ತಿದ್ರು ಸರ. ಮಂದಿ ಸಾವಿಗೆ ಸುಮ್ನಾಗ್ತಾರ. ಹಾಡಿಗೆ ಎಲ್ಲಿ ಸುಮ್ನಾಗ್ತಾರ್ರಿ?” ಪ್ರಿನ್ಸಿಪಾಲರು ಹಿಂದಿನ ಮೂಲೆಯ ಕಡೆ ಒಮ್ಮೆ ನೋಡಿದರು. ಆಮೇಲೆ, ಇನ್ನು ಶನಿವಾರ ನಾಲ್ಕಕ್ಕೆ ಜಾಗ ಖಾಲಿ ಮಾಡುತ್ತೇನೆ, ನನ್ನ ಕುರ್ಚಿ ಮಾತ್ರ ಆ ಮೂಲೆಯಲ್ಲೇ ಇರಲಿ ಎಂದರು. ಅಂದಿನಿಂದ ಒಂದು ಸೀಸನ್ನೂ ತಪ್ಪಿಲ್ಲ. ಮೌನಪ್ಪ ನಿವೃತ್ತನಾಗಿ ಪಟಾನ್‌ಚೆರುವಿನಲ್ಲಿ ಔಷಧಿ ಫ್ಯಾಕ್ಟರಿಗೆ ಹೋಗುವ ಮಗಳ ಮನೆ ಸೇರಿದ ಮೇಲೂ ಶನಿವಾರ ಮಾತ್ರ ಎರಡು ಬಸ್ಸು ಬದಲಾಯಿಸಿ ಬಂದು ಬಾಗಿಲ ಹೊರಗೆ ನಿಲ್ಲುತ್ತಿದ್ದ.

ಕಳೆದ ತಿಂಗಳು ಈ ವರ್ಷದ ಕಾರ್ಯಕ್ರಮ ಪಟ್ಟಿ ಹಿಡಿದು ಅವನನ್ನು ನೋಡಲು ಹೋದೆ. ದಿಂಬಿಗೆ ಒರಗಿ ಮಂಚದ ಮೇಲೆ ಕೂತಿದ್ದ. ವರ್ಷಗಟ್ಟಲೆ ಕುಡಿದ ಸಿಮೆಂಟಿನ ಧೂಳು ಎದೆಯಲ್ಲಿ ಗಟ್ಟಿಯಾಗಿದೆ ಎಂದು ಡಾಕ್ಟರು ಹೇಳಿದ್ದರಂತೆ. ಮೊದಲ ಶನಿವಾರ ಕಾರು ಕಳಿಸುತ್ತೇನೆ, ಈ ಸಲ ಹೊರಗಲ್ಲ, ಮೊದಲ ಸಾಲಿನಲ್ಲಿ ಕೂರಬೇಕು ಅಂದೆ.

“ಬ್ಯಾಡ್ರಿ ಮೇಡಂ. ನಾ ಕೆಮ್ಮಿದ್ರ ಟೀಚರಮ್ಮಾರ ಪಿಟೀಲು ಕೆಡತೈತಿ. ಈ ಕೆಮ್ಮು ಮೊದ್ಲಿಂದಾನೂ ಐತಿ. ಅದಕ್ಕs ನಾ ಒಳಗ ಬರ್ತಿದ್ದಿಲ್ಲ.”

ಅವನು ಕಾವಲಿಗೆ ನಿಲ್ಲುತ್ತಾನೆಂದು ಇಷ್ಟು ವರ್ಷ ನಾನು ತಿಳಿದಿದ್ದೆ. “ಹೋಗಲಿ, ಬಾಗಿಲ ಹೊರಗಿಂದ ಕೇಳಿಸುತ್ತಿತ್ತಲ್ಲ?” ಎಂದೆ.

“ಎಲ್ಲಿ ಕೇಳಸತೈತ್ರಿ? ಗ್ವಾಡಿ ಅಷ್ಟ್ ಚೊಲೋ ಐತಿ.” ಅವನ ಮುಖದಲ್ಲಿ ಹೆಮ್ಮೆಯೇ ಇತ್ತು. “ಕಡೀಕ ಚಪ್ಪಾಳಿ ಅಷ್ಟs ಕೇಳಸತಿತ್ತು. ಅದರ ಮ್ಯಾಲೆ ಅಂದಾಜ ಮಾಡ್ತಿದ್ದೆ.” ಒಂದು ದೊಡ್ಡ ಕೆಮ್ಮು ಬಂತು. ಅದು ಇಳಿದ ಮೇಲೆ ಮೆಲ್ಲಗೆ, “ಒಳಗ ಕುಂತ್ರ ಹೆಂಗಿರತೈತ್ರಿ ಮೇಡಂ?” ಎಂದ.

ಎಲ್ಲ ಶನಿವಾರವೂ ನಾನು ಒಳಗೇ ಇದ್ದವಳು. ಕುರ್ಚಿ ಸಾಲುವವೋ, ಚಹಾ ಬಂತೋ, ಗಡಿಯಾರ ಎಷ್ಟಾಯಿತು, ಇದನ್ನೇ ನೋಡುತ್ತಿದ್ದೆ. ಒಂದೇ ಒಂದು ಕೃತಿಯನ್ನೂ ಮೊದಲಿಂದ ಕೊನೆಯವರೆಗೆ ಕೇಳಿರಲಿಲ್ಲ. “ಚೆನ್ನಾಗಿರುತ್ತದೆ ಮೌನಪ್ಪ,” ಎಂದೆ. ಇನ್ನೇನಾದರೂ ಹೇಳುತ್ತೇನೆಂದು ಅವನು ಸ್ವಲ್ಪ ಹೊತ್ತು ಕಾದ. ನನಗೆ ಬಹಳ ನಾಚಿಕೆಯಾಯಿತು.

ಹದಿನೈದು ದಿನಕ್ಕೆ ಮಗಳು ಫೋನು ಮಾಡಿದಳು. ಮೌನಪ್ಪ ತೀರಿಕೊಂಡಿದ್ದ.

ನಾನು ಪ್ರಿನ್ಸಿಪಾಲರಿಗೆ ಇದೆಲ್ಲ ಹೇಳಿ, ಈ ಸಲ ಬಾಗಿಲಲ್ಲಿ ಯಾರನ್ನು ನಿಲ್ಲಿಸೋಣ ಎಂದು ಕೇಳಿದೆ. ಅವರು ಕಿಟಕಿಯ ಕಡೆ ತಿರುಗಿ, “ನೇನು ನಿಲಬಡತಾನು ಲೇಮ್ಮಾ,” ಎಂದರು. ನಾನು ನಿಲ್ಲುತ್ತೇನೆ ಬಿಡಮ್ಮಾ, ಎಂದು. ಈ ಶನಿವಾರ ಐದೂವರೆಗೆ ಅವರು ಹೊರಗೆ ನಿಂತು ಬಾಗಿಲು ಎಳೆದುಕೊಳ್ಳುತ್ತಾರೆ. ನಾನು ಒಳಗೆ ಕೂತು ಕೇಳಬೇಕು.